ಮಾಳಿಗೆ ಮೇಲಿಂದ ಹ್ಯಾಮ್ ಉಪಗ್ರಹ: 145, 435, ಇಲ್ಲಾ 2400 ಮೆಗಾಹರ್ಟ್ಜ್?

ಹ್ಯಾಮ್ ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು. ಅವರ ಮಾತನ್ನು ಮೇಲಿಂದ ಮರುಪ್ರಸಾರ ಮಾಡುವ ಹ್ಯಾಮ್ ಉಪಗ್ರಹಗಳ ಕಡೆ ಮನಸ್ಸು ಹೊರಳಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಆಂಟೆನಾ ತಗೊಳ್ಳಲಿ ಸರ್?" ಸಿಂಧನೂರಿನವರು, ಗಂಗಾವತಿಯವರು, ಬಳ್ಳಾರಿ ಕೌಲ್ ಬಜಾರಿನವರು, ಎಲ್ಲರದ್ದೂ ಅದೇ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಯಾವ ಬ್ಯಾಂಡಿನಲ್ಲಿ (ಫ್ರೀಕ್ವೆನ್ಸಿಗಳ ಪಟ್ಟೆಯಲ್ಲಿ) ನಿಮಗೆ ಎಷ್ಟು ಹಕ್ಕಿದೆ ಅನ್ನುವುದು ಮೊದಲನೆಯದು. ಆ ಬ್ಯಾಂಡಿನಲ್ಲಿ ನಿಮ್ಮ ಮನೆ ಸುತ್ತ ಎಷ್ಟು ಗದ್ದಲ ಇದೆ ಅನ್ನುವುದು ಎರಡನೆಯದು. ಇವೆರಡು ಗೊತ್ತಾದರೆ ಆಂಟೆನಾ ಯಾವುದು ಅಂತ ಅಂಗಡಿಯವರನ್ನು ಕೇಳಬೇಕಾಗಿಲ್ಲ.

ಹಕ್ಕು ಮತ್ತು ಗದ್ದಲದ ಜೊತೆ ಇನ್ನೆರಡು ಸೇರಿಸಿಕೊಳ್ಳಿ. ಒಂದು, ದುಡ್ಡು. ಇನ್ನೊಂದನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ: ನಾನು ತಪ್ಪು ಮಾಡಿದರೆ ಬೇರೆಯವರಿಗೆ ಎಷ್ಟು ತೊಂದರೆ? ಎಸ್‌ಒ-50 ಥರದ ಉಪಗ್ರಹ ನಮ್ಮ ನೆತ್ತಿ ಮೇಲೆ ಬಂದಾಗ ಹತ್ತಿರಹತ್ತಿರ ದುಬೈನಿಂದ ಬ್ಯಾಂಕಾಕ್‌ವರೆಗೆ ಕೇಳುತ್ತದೆ. ಇರುವುದು ಒಂದೇ ಚಾನೆಲ್. ನೀವು ಸುಮ್ನೆ "ಹಲೋ ಹಲೋ ಟೆಸ್ಟಿಂಗ್" ಅಂದರೆ ಅಷ್ಟು ಜನರ ಪಾಸ್, ಅಂದರೆ ಉಪಗ್ರಹ ಆಕಾಶ ದಾಟುವ ಆ ಕೆಲವೇ ನಿಮಿಷ, ಹಾಳು.

ಹಕ್ಕು ಯಾರದು

ಲೈಸೆನ್ಸ್ ಮಾತು ಮೊದಲು ಮುಗಿಸೋಣ. ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತಬೇಕು ಅಂದರೆ ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ಮಾಡಿ ಕೊಡುತ್ತದೆ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಸಂಕೇತ ಬೇಡ, ಕಾಲ್‌ಸೈನ್ (ಹ್ಯಾಮ್‌ನ ಗುರುತು) ವಿಯು3 ಅಂತ ಶುರುವಾಗುತ್ತದೆ. ಜನರಲ್ ಗ್ರೇಡಿನವರದು ವಿಯು2. ಆನ್‌ಲೈನ್‌ನಲ್ಲಿ ಎರಡು-ಮೂರು ಸಾವಿರಕ್ಕೆ ಹ್ಯಾಂಡಿ (ಕೈರೇಡಿಯೋ) ಸಿಗುತ್ತಿತ್ತು ನಿಜ. ಸಿಕ್ಕಿತು ಅಂದ ಮಾತ್ರಕ್ಕೆ ಮಾತಾಡಬಹುದು ಅಂತಲ್ಲ. ಇಂಥ ಅಕ್ರಮ ಮಾರಾಟ ತಡೆಯಲಿಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ತಂದಿದೆ.

ಲೈಸೆನ್ಸ್ ಕೈಗೆ ಬಂದ ಮೇಲೆ ಅದರ ಜೊತೆಗಿರುವ ಬ್ಯಾಂಡ್ ಪಟ್ಟಿಯನ್ನು ಒಮ್ಮೆ ನಿಧಾನಕ್ಕೆ ಓದಿ. ಉಪಗ್ರಹ ಎಲ್ಲಿ ಕೇಳುತ್ತದೆ ಅನ್ನುವುದಕ್ಕಿಂತ ನಿಮ್ಮ ಪಟ್ಟಿಯಲ್ಲಿ ಏನಿದೆ ಅನ್ನುವುದೇ ದೊಡ್ಡದು.

ಇನ್ನು ಜಾಗತಿಕ ನಿಯಮ. ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಲೋಕವನ್ನು ಮೂರು ಪ್ರದೇಶ ಮಾಡಿದೆ. ಭಾರತ 3ನೇ ಪ್ರದೇಶ. ಪ್ರತಿ ಬ್ಯಾಂಡಿಗೂ ಪ್ರೈಮರಿ ಯಾರು, ಸೆಕೆಂಡರಿ ಯಾರು ಅಂತ ಕೋಷ್ಟಕ ಇದೆ. ಸೆಕೆಂಡರಿಯವರು ಪ್ರೈಮರಿಯವರಿಗೆ ಅಡಚಣೆ ಮಾಡುವಂತಿಲ್ಲ. ಪ್ರೈಮರಿಯವರಿಂದ ಅಡಚಣೆ ಆದರೆ ದೂರುವಂತೆಯೂ ಇಲ್ಲ. ಇದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲಿದೆ: ಕೋಷ್ಟಕದಲ್ಲಿ ಹೆಸರೇ ಇಲ್ಲ, ಅಡಿಟಿಪ್ಪಣಿಯಲ್ಲಿ ಮಾತ್ರ ಜಾಗ. 5.282 ಅನ್ನುವ ಆ ಟಿಪ್ಪಣಿಯಲ್ಲೇ 435-438, 1260-1270, 2400-2450 ಮೆಗಾಹರ್ಟ್ಜ್‌ನ ಹ್ಯಾಮ್ ಉಪಗ್ರಹಗಳು ಬದುಕುತ್ತಿರುವುದು. ಯಾರಿಗೂ ಹಾನಿಕರ ಅಡಚಣೆ ಮಾಡದಿದ್ದರೆ ಬಳಸಿಕೊಳ್ಳಿ, ಮಾಡಿದರೆ ತಕ್ಷಣ ನಿಲ್ಲಿಸಿ ಅಂತ ಅದರ ಸಾರ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಅಚ್ಚುಕಟ್ಟಿನ ಆಚೆಯ ಹೊಲದವರು ನೀರು ಎತ್ತಿದ ಹಾಗೆ. ಹರಿಯುವಷ್ಟು ದಿನ ಹರಿಯುತ್ತದೆ, ಅಚ್ಚುಕಟ್ಟಿನವರು ಕೇಳಿದ ದಿನ ಪಂಪು ಎತ್ತಿಡಬೇಕು.

144-146 ಮೆಗಾಹರ್ಟ್ಜ್ ಕಥೆ ಬೇರೆ. ಅಲ್ಲಿ ಹ್ಯಾಮ್ ಮತ್ತು ಹ್ಯಾಮ್ ಉಪಗ್ರಹ ಎರಡೂ ಪ್ರೈಮರಿ. ಯಾರಾದರೂ ಅತಿಕ್ರಮಿಸಿದರೆ ದೂರು ಕೊಡುವ ಹಕ್ಕು ನಮಗಿದೆ.

ಗದ್ದಲ ಅಳೆಯುವುದು

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ರೇಡಿಯೋ ಗದ್ದಲ ಊರಿಂದ ಊರಿಗೆ ಬದಲಾಗುತ್ತದೆ. ತೋರಣಗಲ್ಲು, ಸಂಡೂರು, ಕುಡತಿನಿ, ಗಿಣಿಗೇರಾ, ಶಕ್ತಿನಗರದ ಕಡೆ ದೊಡ್ಡ ಕಾರ್ಖಾನೆ, ಗಣಿ, ವಿದ್ಯುತ್ ಸ್ಥಾವರ. ಹೈಟೆನ್ಷನ್ ಲೈನಿನ ಇನ್ಸುಲೇಟರ್ ಮೇಲೆ ಧೂಳು ಕೂತು, ಬೆಳಗಿನ ಇಬ್ಬನಿ ಬಿದ್ದರೆ ಸಣ್ಣ ಸಣ್ಣ ಕಿಡಿ ಹಾರುತ್ತದೆ. ರೇಡಿಯೋದಲ್ಲಿ ಅದು "ಝರ್ರ್" ಅಂತ ಕೇಳುತ್ತದೆ. ಒಂದು ಜೋರು ಮಳೆ ಬಿದ್ದು ಧೂಳು ತೊಳೆದರೆ ಎಷ್ಟೋ ಕಡಿಮೆ. ಗಂಗಾವತಿಯ ರೈಸ್ ಮಿಲ್ಲು, ಬಳ್ಳಾರಿಯ ಜೀನ್ಸ್ ಹೊಲಿಗೆ ಯೂನಿಟ್ಟುಗಳ ನೆರೆಯಲ್ಲಿದ್ದರೆ ಮೋಟಾರುಗಳ ಗದ್ದಲ. ಹೊಲದಲ್ಲಿದ್ದೇನೆ ಅಂತ ನಿಶ್ಚಿಂತೆಯಾಗುವಂತಿಲ್ಲ, ಸೋಲಾರ್ ಪಂಪ್‌ಸೆಟ್ಟಿನ ಕಂಟ್ರೋಲರ್ ಹಗಲಿಡೀ ಗುಯ್ಯನ್ನುತ್ತಿರುತ್ತದೆ.

ಏನನ್ನಾದರೂ ದೊಡ್ಡದು ಕೊಳ್ಳುವ ಮುಂಚೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡೋಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ತಗೊಳ್ಳಿ. ಮೂರು-ನಾಲ್ಕು ಸಾವಿರದ ಮಾತು. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ, ಚಾರ್ಜರ್ ಕಿತ್ತಿಡಿ. ಬೆಳಿಗ್ಗೆ ಐದೂವರೆಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ 145 ಮತ್ತು 435ರ ಸುತ್ತ ತೆರೆದು ನೋಡಿ. ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ. ತೆರೆಯ ಮೇಲಿನ ಗೆರೆ ದಬಕ್ಕನೆ ಕೆಳಗಿಳಿದರೆ ಗದ್ದಲ ನಿಮ್ಮ ಮನೆಯದೇ: ಎಲ್‌ಇಡಿ ಬಲ್ಬು, ಇನ್ವರ್ಟರು, ಟಿವಿಯ ಅಡಾಪ್ಟರು. ಒಂದೊಂದೇ ಬದಲಿಸಬಹುದು. ಇಳಿಯಲಿಲ್ಲ ಅಂದರೆ ಅದು ಬೀದಿಯದು. ಅದನ್ನು ನೀವು ಬದಲಿಸಲಾರಿರಿ, ಬ್ಯಾಂಡ್ ಬದಲಿಸಬೇಕು. ಹತ್ತಿರದಲ್ಲಿ ಎಫ್‌ಎಂ ಟವರ್ ಇದ್ದರೆ ಡೋಂಗಲ್ ಕಿವುಡಾಗುತ್ತದೆ. 88-108 ತಡೆಯುವ ಸಣ್ಣ ಫಿಲ್ಟರ್ ಒಂದನ್ನು ನಡುವೆ ಹಾಕಿ.

ಮನುಷ್ಯರು ಮಾಡುವ ಗದ್ದಲ ಕೆಳಗಿನ ಫ್ರೀಕ್ವೆನ್ಸಿಯಲ್ಲೇ ಜಾಸ್ತಿ, ಮೇಲೆ ಹೋದ ಹಾಗೆ ಕಡಿಮೆ. 29ರಲ್ಲಿ ಹೆಚ್ಚು, 145ರಲ್ಲಿ ಅದಕ್ಕಿಂತ ಕಡಿಮೆ, 435ರಲ್ಲಿ ಇನ್ನೂ ಕಡಿಮೆ. ಅಂದರೆ ಹಕ್ಕು ಗಟ್ಟಿ ಇರುವ ಕಡೆ ಗದ್ದಲ ಜಾಸ್ತಿ, ಗದ್ದಲ ಕಡಿಮೆ ಇರುವ ಕಡೆ ಹಕ್ಕು ಸಡಿಲ. ಆಯ್ಕೆಯ ಕಷ್ಟ ಇಲ್ಲೇ ಇರುವುದು.

145ರಲ್ಲಿ ಕೇಳುವುದು

ಅಗ್ಗದ ಶುರು ಇದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800ರಲ್ಲಿ ಎಫ್‌ಎಂನಲ್ಲೇ ಮಾತಾಡುತ್ತದೆ. ಆಗಾಗ ಎಸ್‌ಎಸ್‌ಟಿವಿ ಚಿತ್ರ ಕಳಿಸುತ್ತದೆ. ರೇಡಿಯೋದ ಸ್ಪೀಕರ್ ಹತ್ತಿರ ಮೊಬೈಲ್ ಹಿಡಿದು ಆ್ಯಪ್ ತೆರೆದರೆ ಸಾಕು, ಕಿರ್ರ್ ಅನ್ನುವ ಸದ್ದು ಗೆರೆ ಗೆರೆಯಾಗಿ ಚಿತ್ರವಾಗುತ್ತದೆ. ಮಕ್ಕಳು ಆ ಎರಡು ನಿಮಿಷ ಕಣ್ಣು ಮಿಟುಕಿಸುವುದಿಲ್ಲ. ನಿಲ್ದಾಣದ ಸಿಗ್ನಲ್ ಜೋರಾದ್ದರಿಂದ ಬಳ್ಳಾರಿ ನಡುಪೇಟೆಯ ಗದ್ದಲದಲ್ಲೂ ಒಳ್ಳೆ ಪಾಸ್ ಇದ್ದರೆ ಕೇಳುತ್ತದೆ. 145ರಲ್ಲಿ ಡಾಪ್ಲರ್ (ಉಪಗ್ರಹದ ಓಟಕ್ಕೆ ಫ್ರೀಕ್ವೆನ್ಸಿ ಸರಿಯುವುದು) ಕೂಡ ಕಡಿಮೆ, ಹೆಚ್ಚೆಂದರೆ ಆ ಕಡೆ ಈ ಕಡೆ ಮೂರೂವರೆ ಕಿಲೋಹರ್ಟ್ಜ್. ಎಫ್‌ಎಂನಲ್ಲಿ ಟ್ಯೂನ್ ಮಾಡುವ ಗೋಜೇ ಇಲ್ಲ.

ನಿಯಮದ ಮಾತು ಒಂದೇ. 145.800ರಿಂದ 146.000ವರೆಗೆ ಉಪಗ್ರಹಗಳಿಗೆ ಬಿಟ್ಟ ಜಾಗ. 145.800 ನಿಲ್ದಾಣ ಮಾತಾಡುವ ಫ್ರೀಕ್ವೆನ್ಸಿ, ಅದರ ಮೇಲೆ ನಾವು ಪಿಟಿಟಿ ಒತ್ತಬಾರದು. ಊರಿನ ಗೆಳೆಯರ ಜೊತೆ ಹರಟೆಗೆ ಈ ಜಾಗ ಬೇಡ, ಕೆಳಗೆ ಬೇಕಾದಷ್ಟು ಇದೆ.

ಹಳೆಯ ಎಒ-7 ಉಪಗ್ರಹದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳಲೇಬೇಕು. 1974ರ ನವೆಂಬರ್‌ನಲ್ಲಿ ಹಾರಿದ್ದು. 1981ರಲ್ಲಿ ಬ್ಯಾಟರಿ ಕೆಟ್ಟು ಸುಮ್ಮನಾಯಿತು. 2002ರಲ್ಲಿ ಬಿಸಿಲಿನ ಬಲದ ಮೇಲೆ ತಾನಾಗಿ ಎದ್ದು ಕೂತಿತು. ಅದರ ಬಿ ಮೋಡಿನ ಡೌನ್‌ಲಿಂಕ್ (ಅದು ಕೆಳಗೆ ಕಳಿಸುವ ಫ್ರೀಕ್ವೆನ್ಸಿ) 145.925ರಿಂದ 145.975, ಕೇಳಲಿಕ್ಕೆ ಚೆಂದ. ಆದರೆ ಅಪ್‌ಲಿಂಕ್ (ನಾವು ಮೇಲಕ್ಕೆ ಕಳಿಸುವುದು) 432.125ರಿಂದ 432.175. ಭಾರತದಲ್ಲಿ ಹ್ಯಾಮ್‌ಗಳಿಗೆ ಇರುವುದು 434-438. ಆ್ಯಪ್ ತೋರಿಸುತ್ತದೆ, ಯುರೋಪಿನವರ ವಿಡಿಯೋಗಳಲ್ಲೂ ಕಾಣುತ್ತದೆ, ನಮಗೆ ಅದು ಲೈಸೆನ್ಸಿನ ಆಚೆ. ಎ ಮೋಡ್ ಇದ್ದ ದಿನ 145.850-145.950ರಲ್ಲಿ ಮೇಲೆ ಹೋಗಿ 29.400-29.500ರಲ್ಲಿ ಕೆಳಗೆ ಕೇಳಬಹುದು. ಅದಕ್ಕೆ ಐದು ಮೀಟರ್ ಉದ್ದದ ಒಂದು ಡೈಪೋಲ್ ತಂತಿ ಸಾಕು. ಊರೊಳಗೆ 29ರಲ್ಲಿ ಬರೀ ಗದ್ದಲ. ಸಿಂಧನೂರಿನ ಆಚೆ ಹೊಲದ ಮನೆಯಿದ್ದರೆ ನೋಡಿ.

145 ಮೇಲಕ್ಕೆ, 435 ಕೆಳಕ್ಕೆ

ಈಗ ಮಾತಾಡಬೇಕು ಅನ್ನುವವರಿಗೆ ಇದೇ ಹೆದ್ದಾರಿ. ಎಸ್‌ಒ-50ಗೆ ಅಪ್‌ಲಿಂಕ್ 145.850, ಡೌನ್‌ಲಿಂಕ್ 436.795. ಮೊದಲು 74.4 ಹರ್ಟ್ಜ್ ಟೋನ್ (ರೇಡಿಯೋ ತಾನೇ ಸೇರಿಸಿ ಕಳಿಸುವ ಸಣ್ಣ ದನಿ) ಕೊಟ್ಟರೆ ಹತ್ತು ನಿಮಿಷದ ಟೈಮರ್ ಎದ್ದೇಳುತ್ತದೆ, ಆಮೇಲೆ ಮಾತಿಗೆ 67 ಹರ್ಟ್ಜ್. ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಕೇಳಿದ್ದನ್ನು ಮರುಪ್ರಸಾರ ಮಾಡುವ ಯಂತ್ರ) 145.990 ಮೇಲಕ್ಕೆ, ಅದೇ 67 ಹರ್ಟ್ಜ್ ಟೋನ್, 437.800 ಕೆಳಕ್ಕೆ. ಎರಡಕ್ಕೂ ಎಫ್‌ಎಂ ಹ್ಯಾಂಡಿ ಮತ್ತು ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಸಾಕು. ಪಿವಿಸಿ ಪೈಪು, ಅಳತೆ ಟೇಪಿನ ಪಟ್ಟಿ ಇದ್ದರೆ ಯಾಗಿ ಮನೆಯಲ್ಲೇ ಆಗುತ್ತದೆ.

ಹಕ್ಕಿನ ದೃಷ್ಟಿಯಿಂದ ಈ ಜೋಡಿ ನನಗೆ ಇಷ್ಟ. ನೀವು ಪವರ್ ಹಾಕುವುದು ಪ್ರೈಮರಿ ಬ್ಯಾಂಡಿನಲ್ಲಿ, ಸಡಿಲ ಹಕ್ಕಿನ 435ರಲ್ಲಿ ಬರೀ ಕೇಳುವುದು. 430-440ರಲ್ಲಿ ನಮ್ಮ ಪ್ರದೇಶದ ಪ್ರೈಮರಿ ರೇಡಾರ್ ಸೇವೆ. ನಿಮ್ಮಿಂದ ಅವರಿಗೆ ತೊಂದರೆ ಆಗುವ ಪ್ರಶ್ನೆ ಬಹುಪಾಲು ಏಳುವುದೇ ಇಲ್ಲ.

ಬಹುಪಾಲು ಅಂದೆ. ಏಕೆಂದರೆ 145ರ ಮೂರು ಪಟ್ಟು 435. ನೀವು 145.990ರಲ್ಲಿ ಮಾತಾಡಿದರೆ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೋರುವ ಸಿಗ್ನಲ್) 437.970ಕ್ಕೆ ಬೀಳುತ್ತದೆ. ಕೇಳುತ್ತಿರುವುದು 437.800. ಅಗ್ಗದ ಹ್ಯಾಂಡಿಗಳ ಹಾರ್ಮೋನಿಕ್ ಅಷ್ಟೇನೂ ಅಡಗಿರುವುದಿಲ್ಲ. ಪಿಟಿಟಿ ಒತ್ತಿದ ಕೂಡಲೇ ಪಕ್ಕದ ರಿಸೀವರ್ ಸತ್ತಂತಾಗುತ್ತದೆ. ಉಪಗ್ರಹ ನನ್ನ ಮಾತು ಕೇಳಿಸಿಕೊಂಡಿತೋ ಇಲ್ಲವೋ ಗೊತ್ತಾಗದೆ ಜನ ಮತ್ತೆ ಮತ್ತೆ ಕೂಗುತ್ತಾರೆ, ಪವರ್ ಏರಿಸುತ್ತಾರೆ. ಎಫ್‌ಎಂನಲ್ಲಿ ಜೋರಾದವನದೇ ದರ್ಬಾರು. ಚೆನ್ನೈಯವರು ಕಾಲ್‌ಸೈನ್ ಹೇಳುತ್ತಿರುವಾಗ ಅರ್ಧಕ್ಕೇ ನಿಮ್ಮ ಕೂಗು ಅದನ್ನು ನುಂಗುತ್ತದೆ. ಅದಕ್ಕೇ ಹೊಸ ರೇಡಿಯೋಗೆ ಇಟ್ಟ ದುಡ್ಡಿನಲ್ಲಿ ಮೊದಲು ಒಂದು ಡಿಪ್ಲೆಕ್ಸರ್ (ಎರಡು ಬ್ಯಾಂಡುಗಳನ್ನು ಬೇರೆ ಮಾಡುವ ಫಿಲ್ಟರ್) ತಗೊಳ್ಳಿ, ಕೇಳಲಿಕ್ಕೆ ಬೇರೆಯೇ ರಿಸೀವರ್ ಇಟ್ಟುಕೊಳ್ಳಿ. ನಿಮ್ಮ ದನಿ ನಿಮಗೆ ಕೆಳಗೆ ಕೇಳಿಸಿದರೆ ಐದು ವ್ಯಾಟ್ ಸಾಕು.

435ರಲ್ಲಿ ಡಾಪ್ಲರ್ ಹತ್ತು ಕಿಲೋಹರ್ಟ್ಜ್‌ವರೆಗೆ ಹೋಗುತ್ತದೆ. ಪಾಸ್ ಶುರುವಿನಲ್ಲಿ ಹತ್ತು ಮೇಲೆ, ಕೊನೆಯಲ್ಲಿ ಹತ್ತು ಕೆಳಗೆ. ಐದೈದು ಕಿಲೋಹರ್ಟ್ಜ್ ಅಂತರದಲ್ಲಿ ಐದು ಮೆಮೊರಿ ತುಂಬಿಟ್ಟುಕೊಳ್ಳಿ, ಪಾಸ್ ನಡುವೆ ಗುಂಡಿ ಒತ್ತಿದರಾಯಿತು. ಗೇಟು-ಕಾರಿನ ರಿಮೋಟುಗಳು 433.92ರ ಸುತ್ತ ಚಿಟಿಚಿಟಿ ಅನ್ನುತ್ತವೆ. ಅಷ್ಟು ದೂರ ಇದ್ದರೂ ಅಗ್ಗದ ರಿಸೀವರ್ ಒಳಗೆ ನುಗ್ಗಬಹುದು.

ದುಡ್ಡು ಇದ್ದು ಎಸ್‌ಎಸ್‌ಬಿ (ಎಫ್‌ಎಂಗಿಂತ ಕಡಿಮೆ ಜಾಗ ಹಿಡಿಯುವ ಮಾತಿನ ವಿಧಾನ) ಬಲ್ಲವರಿಗೆ ಆರ್‌ಎಸ್-44 ಉಪಗ್ರಹ ಇದೆ. 145.935-145.995 ಮೇಲಕ್ಕೆ, 435.610-435.670 ಕೆಳಕ್ಕೆ. ಎತ್ತರದ ಕಕ್ಷೆ, ಹಾಗಾಗಿ ಪಾಸ್ ಉದ್ದ, ಒಂದೇ ಸಲಕ್ಕೆ ಹಲವರು ಮಾತಾಡಬಹುದು. ಅದಕ್ಕೆ ಬೇಕಾದ ಆಲ್‌ಮೋಡ್ ರೇಡಿಯೋ ಹೊಸದಾದರೆ ಲಕ್ಷ ದಾಟುತ್ತದೆ. ಇಲ್ಲಿ ಒಬ್ಬರು ಪವರ್ ಏರಿಸಿದರೆ ಉಳಿದವರೆಲ್ಲರ ಸಿಗ್ನಲ್ ಕುಗ್ಗುತ್ತದೆ. ಉಪಗ್ರಹ ಸದಾ ಕಳಿಸುವ ಗುರುತಿನ ಸಿಗ್ನಲ್‌ಗಿಂತ, ಅಂದರೆ ಬೀಕನ್‌ಗಿಂತ, ನಿಮ್ಮ ಸಿಗ್ನಲ್ ಜೋರಾಗಿ ಕಂಡರೆ ಇಳಿಸಿ.

435 ಮೇಲಕ್ಕೆ, 145 ಕೆಳಕ್ಕೆ

ನಮ್ಮದೇ ಹ್ಯಾಮ್‌ಸ್ಯಾಟ್ ಹೀಗಿತ್ತು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ನಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹೋಗಿ ವಿಒ-52 ಅನ್ನಿಸಿಕೊಂಡು 2014ರವರೆಗೆ ದುಡಿಯಿತು. 435.220-435.280 ಮೇಲಕ್ಕೆ, 145.870-145.930 ಕೆಳಕ್ಕೆ. ಹಾರ್ಮೋನಿಕ್ ತಲೆನೋವು ಇಲ್ಲವೇ ಇಲ್ಲ, ಕಿವಿಗೆ ಹಾಯಾದ ಜೋಡಿ. ಆದರೆ ಇಲ್ಲಿ ಪವರ್ ಹೋಗುವುದು ಸಡಿಲ ಹಕ್ಕಿನ ಬ್ಯಾಂಡಿಗೆ, ಕೇಳುವುದು ಗದ್ದಲ ಜಾಸ್ತಿ ಇರುವ ಬ್ಯಾಂಡಿನಲ್ಲಿ. ಪೇಟೆಯವರಿಗೆ ನಾನು ಈ ಥರದ ಜೋಡಿಯನ್ನು ಮೊದಲು ಹೇಳುವುದಿಲ್ಲ. ಆನೆಗೊಂದಿ, ಕನಕಗಿರಿ ಕಡೆಯ ಗುಡ್ಡದೂರಿನವರಿಗೆ ಧಾರಾಳವಾಗಿ ಹೇಳುತ್ತೇನೆ.

1260-1270 ಬಗ್ಗೆ ಒಂದೇ ಮಾತು: ಉಪಗ್ರಹಕ್ಕೆ ಮೇಲಕ್ಕೆ ಮಾತ್ರ, ಮತ್ತು ಅದೇ ಸೀಮೆಯಲ್ಲಿ ಗೆಲಿಲಿಯೋ, ಬೈದು ಥರದ ದಾರಿತೋರುವ ಉಪಗ್ರಹಗಳಿವೆ. ಶುರುವಿಗೆ ಬೇಡ.

ಡಿಶ್ ಇಟ್ಟು ಕ್ಯುಒ-100

ಪಾಸ್ ಕಾಯುವುದು ಬೇಡ, ಹೊತ್ತಿಲ್ಲದ ಹೊತ್ತಿನಲ್ಲೂ ಬೇಕು ಅನ್ನುವವರಿಗೆ ಇದು. 2018ರ ನವೆಂಬರ್‌ನಲ್ಲಿ ಹೋದ ಕತಾರಿನ ಎಸ್‌ಹೈಲ್-2 ಉಪಗ್ರಹದ ಮೇಲಿರುವ ಹ್ಯಾಮ್ ಟ್ರಾನ್ಸ್‌ಪಾಂಡರ್ (ಮರುಪ್ರಸಾರದ ಯಂತ್ರ), ಅದೇ ಕ್ಯುಒ-100. ಸುಮಾರು 26 ಡಿಗ್ರಿ ಪೂರ್ವದಲ್ಲಿ ನಿಂತಲ್ಲೇ ನಿಂತಿದೆ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗೆ ಕಾಣುತ್ತದೆ. ನಮ್ಮ ಮೂರೂ ಜಿಲ್ಲೆಗಳಿಂದ ಅದರ ಎತ್ತರ ಹತ್ತಿರಹತ್ತಿರ 30 ಡಿಗ್ರಿ, ದಿಕ್ಕು ಪಡುವಣಕ್ಕಿಂತ ಸ್ವಲ್ಪ ತೆಂಕಣಕ್ಕೆ, ಸುಮಾರು 258 ಡಿಗ್ರಿ. ಓಣಿಯಲ್ಲಿನ ಡಿಟಿಎಚ್ ಡಿಶ್‌ಗಳೆಲ್ಲ ತೆಂಕಣ-ಆಗ್ನೇಯದ ಕಡೆ ನೋಡುತ್ತಿರುತ್ತವೆ, ನಿಮ್ಮದೊಂದೇ ಪಡುವಣಕ್ಕೆ. "ನಿಮ್ಮ ಡಿಶ್ ಗಾಳಿಗೆ ತಿರುಗೇತ್ರಿ" ಅಂತ ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಆಷಾಢದ ಗಾಳಿಗೆ ನಿಜವಾಗಿ ತಿರುಗದ ಹಾಗೆ ಗಟ್ಟಿ ಬಿಗಿಯಿರಿ.

ಕೇಳಲಿಕ್ಕೆ ಖರ್ಚು ಕಡಿಮೆ. ಹಳೆಯ ಡಿಶ್ ಸಾಕು, 90 ಸೆಂಟಿಮೀಟರಿನದು ಸಿಕ್ಕರೆ ನಿರಾಳ. ಎಲ್‌ಎನ್‌ಬಿ (ಡಿಶ್ ಮುಂದಿನ ಕೊಂಬಿನ ತುದಿಯ ರಿಸೀವರ್) ಮೇಲಿನ ಚೀಟಿಯಲ್ಲಿ 9.75 ಇರಬೇಕು, ಬರೀ 10.6 ಇದ್ದರೆ ಬೇಡ. ಪಿಎಲ್‌ಎಲ್ ಮಾದರಿಯದೇ ತಗೊಳ್ಳಿ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಹಳೆಯ ಮಾದರಿ ನಿಂತಲ್ಲಿ ನಿಲ್ಲುವುದಿಲ್ಲ, ಫ್ರೀಕ್ವೆನ್ಸಿ ಜಾರುತ್ತಲೇ ಇರುತ್ತದೆ. ಕಿರಿಬ್ಯಾಂಡಿನ ಡೌನ್‌ಲಿಂಕ್ 10489.5-10490, ಲಂಬ ಧ್ರುವೀಕರಣ, 13 ವೋಲ್ಟ್ ಕೊಡಿ. ಎಲ್‌ಎನ್‌ಬಿ ಅದರಲ್ಲಿ 9750 ಕಳೆಯುವುದರಿಂದ 739.5ರ ಸುತ್ತ ಡೋಂಗಲ್‌ನಲ್ಲೇ ಸಿಗುತ್ತದೆ. ಆ 739 ನಮ್ಮ 700 ಮೊಬೈಲ್ ಬ್ಯಾಂಡಿನ ಸೀಮೆಯೊಳಗೆ ಬರುವುದರಿಂದ ಒಳ್ಳೆ ಶೀಲ್ಡ್ ಇರುವ ಕೇಬಲ್ ಹಾಕಿ. ಹಿಂದಿನ ಮಾತಿನ ಪ್ರಕಾರ ಬೀದಿ ಗದ್ದಲ 10 ಗಿಗಾಹರ್ಟ್ಜ್‌ಗೆ ಏರುವುದೇ ಇಲ್ಲ. ಜೀನ್ಸ್ ಯೂನಿಟ್ ಗೋಡೆಗೆ ಗೋಡೆ ಇದ್ದವರಿಗೂ ಇದು ತಿಳಿಯಾಗಿ ಕೇಳುತ್ತದೆ.

ಮಾತಾಡುವುದು ಬೇರೆ ಲೆಕ್ಕ. ಅಪ್‌ಲಿಂಕ್ 2400.0-2400.5. ಇದು ವೈಫೈ ಬ್ಯಾಂಡಿನ ತಳ, 5.282 ಟಿಪ್ಪಣಿಯ ಜಾಗ. ವೈಫೈಗೆ ಲೈಸೆನ್ಸ್ ಬೇಡ ಅಂತ ಡಿಶ್ ಇಟ್ಟು ಹ್ಯಾಮ್ ಪ್ರಸಾರ ಮಾಡಬಹುದು ಅಂತ ತಿಳಿಯಬೇಡಿ, ಎರಡೂ ಬೇರೆ ಅನುಮತಿ. ನಿಮ್ಮ ಲೈಸೆನ್ಸಿನ ಪಟ್ಟಿಯಲ್ಲಿ ಈ ಬ್ಯಾಂಡ್ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಡಬ್ಲ್ಯುಪಿಸಿಯಿಂದ ಬರಹದಲ್ಲಿ ಒಪ್ಪಿಗೆ ಬರುವ ತನಕ ಟ್ರಾನ್ಸ್‌ವರ್ಟರಿಗೂ (ಸಿಗ್ನಲ್ಲನ್ನು 2400ಕ್ಕೆ ಏರಿಸುವ ಯಂತ್ರ) ಆಂಪ್ಲಿಫೈಯರಿಗೂ ದುಡ್ಡು ಹಾಕಬೇಡಿ. ಅನುಮತಿ ಇದ್ದವರೂ ಬೀಕನ್‌ಗಿಂತ ಜೋರಾಗಬಾರದು. ಜೋರಾದರೆ ಲೈಲಾ ಅನ್ನುವ ಕಾವಲು ವ್ಯವಸ್ಥೆ ನಿಮ್ಮ ಸಿಗ್ನಲ್ ಮೇಲೇ ಸೈರನ್ ಊದುತ್ತದೆ, ಅರ್ಧ ಭೂಗೋಳ ಕೇಳುವ ಹಾಗೆ.

ಕಾಲೇಜಿನವರು ಸ್ವಂತ ಉಪಗ್ರಹ ಕಟ್ಟುವುದಾದರೆ

ಎಂಜಿನಿಯರಿಂಗ್ ಕಾಲೇಜುಗಳ ಪ್ರಶ್ನೆ ಬೇರೆ: ಹ್ಯಾಮ್ ಬ್ಯಾಂಡ್ ತಗೊಳ್ಳೋಣವೇ, ಬೇರೆ ಬ್ಯಾಂಡ್ ಕೇಳೋಣವೇ? ಉದ್ದೇಶದ ಮೇಲೆ ತೀರ್ಮಾನ. ಟೆಲಿಮೆಟ್ರಿಯ (ಉಪಗ್ರಹ ತನ್ನ ಸ್ಥಿತಿ ತಿಳಿಸುವ ಮಾಹಿತಿಯ) ವಿನ್ಯಾಸ ಬಹಿರಂಗವಾಗಿ ಪ್ರಕಟಿಸಲು ಒಪ್ಪುತ್ತೀರಾ, ಲೋಕದ ಹ್ಯಾಮ್‌ಗಳೂ ಬಳಸಲಿ ಅನ್ನುತ್ತೀರಾ, ಹಾಗಾದರೆ ಹ್ಯಾಮ್ ಬ್ಯಾಂಡ್. ಕಂಪನಿಯ ಕೆಲಸ ಇದ್ದರೆ ಅಲ್ಲಿಗೆ ಬರಬೇಡಿ. ಅರ್ಥ ಮುಚ್ಚಿಡುವ ಗುಪ್ತ ಸಂಕೇತಕ್ಕೆ ಹ್ಯಾಮ್ ಸೇವೆಯಲ್ಲಿ ಅವಕಾಶವಿಲ್ಲ, ಉಪಗ್ರಹ ನಿಯಂತ್ರಿಸುವ ಆದೇಶಗಳಿಗೆ ಮಾತ್ರ ವಿನಾಯಿತಿ. ಫ್ರೀಕ್ವೆನ್ಸಿ ಹೊಂದಾಣಿಕೆ ಮಾಡಿಕೊಡುವುದು ಹ್ಯಾಮ್‌ಗಳ ಅಂತರರಾಷ್ಟ್ರೀಯ ಸಂಘ ಐಎಆರ್‌ಯು, ಅದೂ ಉಚಿತವಾಗಿ. ಭಾರತದೊಳಗಿನ ಅನುಮತಿ ಕೇಂದ್ರದ ಬಾಹ್ಯಾಕಾಶ ಅನುಮತಿ ಸಂಸ್ಥೆ ಇನ್-ಸ್ಪೇಸ್ ಮತ್ತು ಡಬ್ಲ್ಯುಪಿಸಿ ಕಡೆಯಿಂದ. ಐಟಿಯು ನಿಯಮದ 25ನೇ ವಿಧಿ ಹೇಳುವುದು: ಅಡಚಣೆ ಆದರೆ ತಕ್ಷಣ ನಿಲ್ಲಿಸಲು ಆಗುವಷ್ಟು ಕಮಾಂಡ್ ಸ್ಟೇಷನ್‌ಗಳು ಉಡಾವಣೆಗೆ ಮುಂಚೆಯೇ ಸಿದ್ಧ ಇರಬೇಕು. ಅಂದರೆ ಬೇಸಿಗೆ ರಜೆಯಲ್ಲೂ ಲ್ಯಾಬಿನ ಬೀಗದ ಕೈ ಯಾರಲ್ಲಿ ಅಂತ ಈಗಲೇ ಗೊತ್ತು ಮಾಡಿ.

ಹಾಗಾದರೆ ಯಾರಿಗೆ ಯಾವುದು

ಲೈಸೆನ್ಸ್ ಇನ್ನೂ ಇಲ್ಲ, ಕೈಯಲ್ಲಿ ಐದು ಸಾವಿರ ಅನ್ನುವವರು ಡೋಂಗಲ್ ತಗೊಂಡು 145.800ರಿಂದ ಶುರು ಮಾಡಿ. ಪರೀಕ್ಷೆಗೆ ಓದುವ ಹುಮ್ಮಸ್ಸು ಅದರಿಂದಲೇ ಬರುತ್ತದೆ. ವಿಯು3 ಸಿಕ್ಕಿದೆ, ಬಳ್ಳಾರಿ ಅಥವಾ ರಾಯಚೂರು ಪೇಟೆಯೊಳಗೆ ಮನೆ, ಹತ್ತು-ಹದಿನೈದು ಸಾವಿರ ಇದೆ ಅಂದರೆ ಕಣ್ಣು ಮುಚ್ಚಿ 145 ಮೇಲಕ್ಕೆ, 435 ಕೆಳಕ್ಕೆ. ಎಸ್‌ಎಸ್‌ಬಿ ರೇಡಿಯೋ ಈಗಾಗಲೇ ಇದ್ದವರು ಆರ್‌ಎಸ್-44ಗೆ ಹೋಗಿ, ಎಫ್‌ಎಂ ಉಪಗ್ರಹಗಳ ನೂಕುನುಗ್ಗಲು ತಪ್ಪುತ್ತದೆ. ತೋರಣಗಲ್ಲು-ಶಕ್ತಿನಗರದ ಗದ್ದಲದ ನಡುವೆ ಇದ್ದು, ಮಾಳಿಗೆಯಿಂದ ಪಡುವಣ ಬಯಲಾಗಿ ಕಾಣುತ್ತಿದ್ದರೆ ಡಿಶ್ಶೇ ಸರಿ, ಸದ್ಯಕ್ಕೆ ಕೇಳುವುದಕ್ಕೆ ಮಾತ್ರ. ಪಡುವಣಕ್ಕೆ ಬೇವಿನ ಮರವೋ ನೀರಿನ ಟ್ಯಾಂಕೋ ಅಡ್ಡ ಇದ್ದರೆ ಆ ಯೋಚನೆ ಬಿಡಿ, 10 ಗಿಗಾಹರ್ಟ್ಜ್ ಎಲೆಗಳನ್ನು ದಾಟುವುದಿಲ್ಲ. ಅಂಥವರು ಕೈ ಯಾಗಿ ಹಿಡಿದು ಬೈಕ್ ಮೇಲೆ ಊರಾಚೆ ಹೋಗುವುದೇ ಅಗ್ಗ. ಹೋಗುವಾಗ ಲೈಸೆನ್ಸಿನ ಪ್ರತಿಯೊಂದು ಜೇಬಿನಲ್ಲಿರಲಿ. ಆಂಟೆನಾ ಬೀಸುತ್ತ ನಿಂತವರನ್ನು ಕಂಡರೆ ಪೊಲೀಸರು ಕೇಳದೇ ಇರುತ್ತಾರಾ?